ಹತ್ತಿಬಾಯಿ ಮತ್ತು ನಮ್ಮೂರ ಒಳ್ಳೆ

2019ರ ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ. ಅಮೆರಿಕದ ಫ್ಲಾರಿಡಾ ರಾಜ್ಯದ ಗೇನ್ಸ್‌ವಿಲ್ ಎಂಬ ಊರು. 69 ವರ್ಷದ ನಾನು ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಸಲಿಕೆ ಹಿಡಿದು ನಿಂತಿದ್ದೇನೆ. ಎದುರಿಗೆ ಹಾವು. ಪಕ್ಕದಲ್ಲಿ 10 ವರ್ಷದ ಮೊಮ್ಮಗ. ಅವನು ಹಾವಿಗಿಂತ ಹೆಚ್ಚಾಗಿ ನನ್ನನ್ನೇ ನೋಡುತ್ತಿದ್ದಾನೆ.

ನಾನು ಅಲ್ಲಿಗೆ ಹೇಗೆ ಹೋದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮಗಳಿಗೆ ಎರಡನೆಯ ಹೆರಿಗೆ. ಬಾಣಂತನಕ್ಕೆಂದು ನನ್ನಾಕೆ ಹೊರಟಳು. ಉಪ್ಪಿನಕಾಯಿ, ಅಂಟಿನುಂಡೆ, ಮೆಣಸಿನ ಪುಡಿಯ ಡಬ್ಬಿಗಳ ಸಾಲಿನಲ್ಲಿ ನಾನೂ ಒಂದು ಲಗೇಜಾಗಿ ಹೊರಟೆ. ಹೋದ ಮೇಲೆ ಅವಳಿಗೆ ಕೈತುಂಬ ಕೆಲಸ, ನನಗೆ ಏನೂ ಇಲ್ಲ. 38 ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನಿಗೆ ಬಾಣಂತಿಯ ಮನೆಯಲ್ಲಿ ಯಾರು ಕೆಲಸ ಕೊಡುತ್ತಾರೆ? ಕೊನೆಗೆ ಮಗಳೇ ಒಂದು ಹುದ್ದೆ ಸೃಷ್ಟಿಸಿದಳು. ಬೆಳಿಗ್ಗೆ ಮೊಮ್ಮಗನನ್ನು ಶಾಲೆಯ ಬಸ್ಸು ನಿಲ್ಲುವ ತಿರುವಿನ ತನಕ ಬಿಟ್ಟು ಬರುವುದು, ಮಧ್ಯಾಹ್ನ ಕರೆತರುವುದು, ರಜಾದಿನ ಅವನನ್ನು ಮನೆಯಿಂದ ಹೊರಗೆ ಸುತ್ತಾಡಿಸುವುದು. ಮನೆಯಲ್ಲಿ ಅವನನ್ನು ಪುಟ್ಟ ಎನ್ನುತ್ತಾರೆ. ತಂಗಿ ಹುಟ್ಟಿದ ಮೇಲೂ ಪುಟ್ಟನೇ.

ಫ್ಲಾರಿಡಾ ಎಂದರೆ ನೀರಿನ ನಾಡು. ಹೊಸ ಬಡಾವಣೆ ಕಟ್ಟುವಾಗ ಮಳೆನೀರು ಇಂಗಲೆಂದು ಮನೆಗಳ ಹಿಂದೆ ಒಂದು ಕೆರೆ ತೋಡಿಬಿಡುತ್ತಾರೆ. ಮಗಳ ಮನೆಯ ಹಿಂದೆಯೂ ಅಂಥದ್ದೊಂದು ಇತ್ತು. ಅದರ ದಂಡೆಯ ಹುಲ್ಲಿನಲ್ಲಿ ಆ ದಿನ ಕಂದುಬಣ್ಣದ, ಮೈಮೇಲೆ ಅಡ್ಡಪಟ್ಟೆಗಳಿದ್ದ, ನನ್ನ ಮಣಿಕಟ್ಟಿನಷ್ಟು ದಪ್ಪದ ಹಾವೊಂದು ಬಿಸಿಲು ಕಾಯಿಸುತ್ತ ಮಲಗಿತ್ತು. ನಾಯಿ ಹಿಡಿದು ವಾಕಿಂಗ್ ಬಂದಿದ್ದ ಪಕ್ಕದ ಬೀದಿಯ ಹಿರಿಯರೊಬ್ಬರು ಅದನ್ನು ಕಂಡವರೇ ನಾಯಿಯನ್ನು ಎಳೆದುಕೊಂಡು, "ಮಾಕಸಿನ್! ಮಾಕಸಿನ್!" ಎಂದು ನಮಗೆ ಕೈಬೀಸಿ ಹೇಳಿ ಹಿಂದೆ ಸರಿದರು. ಆ ಶಬ್ದದ ಅರ್ಥ ನನಗೆ ಗೊತ್ತಿರಲಿಲ್ಲ. ಅವರ ಮುಖ ನೋಡಿದರೆ ಸಾಕಿತ್ತು. ಗ್ಯಾರೇಜಿಗೆ ಓಡಿ ಸಲಿಕೆ ತಂದೆ.

"ಅಜ್ಜ, ಹೊಡೀಬೇಡ. ಅದು ಮಾಕಸಿನ್ ಅಲ್ಲ."

"ನೀನು ಹಿಂದೆ ಹೋಗು."

"ಅಲ್ಲ ಅಜ್ಜ, ನೋಡು ಒಂದ್ಸಲ."

ಮಕ್ಕಳ ಮಾತು ಕೇಳಿ ನಿಂತೆನೆಂದು ಬರೆಯಲು ನನಗೂ ಆಸೆ. ನಿಜ ಹೇಳಬೇಕೆಂದರೆ ಪಂಚೆ ಕಾಲಿಗೆ ತೊಡರಿತು, ಒಂದು ಕ್ಷಣ ತಡವಾಯಿತು, ಅಷ್ಟೇ. ಆ ಕ್ಷಣದಲ್ಲಿ ಹಾವು ತಲೆಯನ್ನು ಚಪ್ಪಟೆ ಮಾಡಿ ಒಮ್ಮೆ ಬುಸ್ಸೆಂದು ನೀರಿಗೆ ಜಾರಿತು. ಮೈಯೆಲ್ಲ ಮುಳುಗಿಸಿ, ಮೂತಿ ಮಾತ್ರ ಮೇಲೆ ಇಟ್ಟುಕೊಂಡು ಈಜಿಹೋಯಿತು. ಪುಟ್ಟ ದಂಡೆಯ ಮೇಲಿಂದ ಬೆರಳು ತೋರಿಸಿ, "ನೋಡಿದ್ಯಾ, ಮುಳುಗಿ ಈಜ್ತು. ಮಾಕಸಿನ್ ಆಗಿದ್ರೆ ಮೈ ಪೂರ್ತಿ ನೀರಿನ ಮೇಲೆ ತೇಲ್ತಿತ್ತು" ಎಂದ. ಶಾಲೆಗೆ ಬಂದಿದ್ದ ಹಾವಿನ ಮೇಷ್ಟ್ರು ಹೇಳಿಕೊಟ್ಟದ್ದಂತೆ.

ಅದು ಅಲ್ಲಿಯ ವಿಷವಿಲ್ಲದ ನೀರುಹಾವು. ಅಂದರೆ ನಮ್ಮೂರ ಒಳ್ಳೆಯ ದೂರದ ನೆಂಟ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೆ ಕಾರಣ 1978ರ ಒಂದು ಲೆಕ್ಕ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಮಾಕಸಿನ್ ಎಂದರೆ ಯಾರು ಎಂದು ತಿಳಿಯೋಣ. ಮರುವಾರವೇ ಪುಟ್ಟ ನನ್ನನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ಎಳೆದುಕೊಂಡು ಹೋದ. ಅವನು ಓದಿ ಹೇಳುತ್ತಿದ್ದ, ನಾನು ಹಳೆ ಅಭ್ಯಾಸದಂತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಬಿ.ಕಾಂ. ಓದಿದವನಿಗೆ ಪ್ರಾಣಿಶಾಸ್ತ್ರದ ಮೊದಲ ಪಾಠ 10 ವರ್ಷದ ಮೇಷ್ಟ್ರಿಂದ.

ಅಲ್ಲಿ ಇದಕ್ಕೆ ಎರಡು ಹೆಸರು. ಒಂದು ವಾಟರ್ ಮಾಕಸಿನ್. ಮಾಕಸಿನ್ ಎಂದರೆ ಅಮೆರಿಕದ ಮೂಲನಿವಾಸಿಗಳ ಮೆತ್ತನೆಯ ಚರ್ಮದ ಪಾದರಕ್ಷೆ. ಇನ್ನೊಂದು ಕಾಟನ್‌ಮೌತ್, ಅಂದರೆ ಹತ್ತಿಬಾಯಿ. ಹೆದರಿದಾಗ ಇದು ಸುರುಳಿ ಸುತ್ತಿ, ತಲೆ ಹಿಂದಕ್ಕೆ ಎಳೆದು, ಬಾಯಿಯನ್ನು ಅಗಲವಾಗಿ ತೆರೆದು ತೋರಿಸುತ್ತದೆ. ಕಪ್ಪು ಮೈಯ ನಡುವೆ ಆ ಬಾಯಿಯ ಒಳಗು ಆಗಷ್ಟೇ ಒಡೆದ ಹತ್ತಿಕಾಯಿಯಂತೆ ಬೆಳ್ಳಗೆ. ನನಗೆ ಈ ಹೆಸರೇ ಹಿಡಿಸಿತು. ವಿಜ್ಞಾನಿಗಳು ಇಟ್ಟ ಆಗ್ಕಿಸ್ಟ್ರೋಡಾನ್ ಪಿಸ್ಕಿವೋರಸ್ ಎಂಬ ಹೆಸರನ್ನು ಬಿಡಿಸಿದರೆ 'ಗಾಳದ ಕೊಕ್ಕೆಯಂಥ ಹಲ್ಲಿನ ಮೀನುತಿನಿ' ಎಂದಾಗುತ್ತದೆ. ಫ್ಲಾರಿಡಾದ್ದನ್ನು 2015ರಿಂದ ಬೇರೆಯೇ ಪ್ರಭೇದ ಎಂದು ಎಣಿಸಿದ್ದಾರೆ. ನಮ್ಮ ಮಟ್ಟಿಗೆ ಎರಡೂ ಒಂದೇ ಮನೆತನದವು.

ವಂಶದಲ್ಲಿ ಇದು ಗುಳಿಮಂಡಲ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಕೆನ್ನೆಯಲ್ಲಿ ಒಂದೊಂದು ಗುಳಿ. ಆ ಗುಳಿಯೊಳಗಿನ ತೆಳುವಾದ ಪೊರೆ ಬಿಸಿಯನ್ನು ಗ್ರಹಿಸುತ್ತದೆ. ಕಗ್ಗತ್ತಲೆಯಲ್ಲಿ ಇಲಿಯೊಂದು ಹಾದುಹೋದರೆ ಅದರ ಮೈಯ ಶಾಖವೇ ಈ ಹಾವಿಗೆ ಲಾಂದ್ರ. ನಮ್ಮ ಮಲೆನಾಡಿನ ಕಾಡಿನಲ್ಲೂ ಗುಳಿಮಂಡಲಗಳಿವೆ. ಮಳೆಗಾಲದಲ್ಲಿ ಆಗುಂಬೆಯ ಕಡೆ ಪೊದೆಯ ಮೇಲೆ ಹಸಿರು, ಕಂದು, ಹಳದಿ ಎಂದು ನಾನಾ ಬಣ್ಣದಲ್ಲಿ ಕೂತಿರುವ ಮಲಬಾರ್ ಗುಳಿಮಂಡಲವನ್ನು ಕೆಲವರಾದರೂ ನೋಡಿರುತ್ತೀರಿ. ಆದರೆ ಅವು ಗಿಡದ ಮೇಲಿನವು. ನೀರಲ್ಲೂ ನೆಲದಲ್ಲೂ ಸಮನಾಗಿ ಸಂಸಾರ ಮಾಡುವ ಮಂಡಲದ ಹಾವುಗಳು ಜಗತ್ತಿನಲ್ಲಿ ಬಹಳ ಕಡಿಮೆ. ಹತ್ತಿಬಾಯಿ ಅವುಗಳಲ್ಲಿ ಹೆಸರಾದದ್ದು. ವರ್ಜೀನಿಯಾದಿಂದ ಫ್ಲಾರಿಡಾ, ಅಲ್ಲಿಂದ ಪಶ್ಚಿಮಕ್ಕೆ ಟೆಕ್ಸಾಸ್ ತನಕ ಜೌಗು, ಕೆರೆ, ಹಳ್ಳಗಳಲ್ಲೆಲ್ಲ ಇದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಅಡಿ ಉದ್ದ. ಆರಡಿ ದಾಟಿದ್ದೂ ದಾಖಲೆಯಲ್ಲಿದೆ.

ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಗಂಡಿನ ಸಂಗವಿಲ್ಲದೆಯೇ ಮರಿ ಹಾಕಿದ ಹತ್ತಿಬಾಯಿಯೂ ಉಂಟೆಂದು 2012ರಲ್ಲಿ ವಿಜ್ಞಾನಿಗಳು ಕಾಡಿನ ಹಾವುಗಳನ್ನೇ ಪರೀಕ್ಷಿಸಿ ತೋರಿಸಿದರು. ಮರಿಯ ಮೈಮೇಲೆ ಇಟ್ಟಿಗೆ ಬಣ್ಣದ ಅಂದವಾದ ಪಟ್ಟೆಗಳು. ವಯಸ್ಸಾದಂತೆ ಪಟ್ಟೆ ಮಾಸಿ ಮುದಿಹಾವು ಹೆಚ್ಚುಕಡಿಮೆ ಕಪ್ಪಗಾಗುತ್ತದೆ. ನಮಗೆ ತಲೆ ಬೆಳ್ಳಗಾಗುತ್ತದೆ, ಅದಕ್ಕೆ ಮೈ ಕಪ್ಪಗಾಗುತ್ತದೆ. ಮರಿಯ ಬಾಲದ ತುದಿ ಮಾತ್ರ ಗಂಧಕದಂತೆ ಹಳದಿ. ಅದನ್ನು ಮೇಲೆತ್ತಿ ಹುಳುವಿನಂತೆ ಕೊಂಕಿಸುತ್ತ ಕೂರುತ್ತದೆ. ಹುಳುವೆಂದು ನಂಬಿ ಕಪ್ಪೆಮರಿ ಹಾರಿ ಬಂದರೆ ಊಟ ಮುಗಿಯಿತು. ಪುಟ್ಟನಿಗೆ ಇದು ಎಷ್ಟು ಹಿಡಿಸಿತೆಂದರೆ, ತೊಟ್ಟಿಲಲ್ಲಿದ್ದ ತಂಗಿಯ ಮುಂದೆ ಕಿರುಬೆರಳಿಗೆ ಅರಿಸಿನ ಬಳಿದುಕೊಂಡು ಕುಣಿಸಿ ಅಜ್ಜಿಯಿಂದ ಬೈಸಿಕೊಂಡ.

ಮೀನುತಿನಿ ಎಂಬ ಹೆಸರಿದ್ದರೂ ಇದರ ಊಟದ ಪಟ್ಟಿ ದೊಡ್ಡದು. ಮೀನು, ಕಪ್ಪೆ, ಇಲಿ, ಹಕ್ಕಿ, ಬೇರೆ ಹಾವು, ಆಮೆಮರಿ, ಕಡೆಗೆ ಅಲ್ಲಿಯ ಮೊಸಳೆ ಆಲಿಗೇಟರಿನ ಮರಿ, ಸತ್ತು ಬಿದ್ದದ್ದು, ಯಾವುದೂ ವರ್ಜ್ಯವಲ್ಲ. ಇದನ್ನು ತಿನ್ನುವವರೂ ಇದ್ದಾರೆ. ದೊಡ್ಡ ಆಲಿಗೇಟರ್ ಬಿಡುವುದಿಲ್ಲ. ಕಿಂಗ್‌ಸ್ನೇಕ್ ಎಂಬ ವಿಷವಿಲ್ಲದ ಹಾವು ಇದರ ವಿಷವನ್ನು ತಡೆದುಕೊಂಡು ಇದನ್ನೇ ನುಂಗುತ್ತದೆ.

ಇಷ್ಟು ತಿಳಿದ ಮೇಲೆ ಗುರುತಿಸುವ ಪಾಠ. ಇಲ್ಲಿ ನನಗೆ ಸ್ವಲ್ಪ ಹೆಮ್ಮೆಯ ವಿಷಯ ಬಂತು. ನಾನು ಬ್ಯಾಂಕಿಗೆ ಸೇರಿದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಚೆಕ್ಕು ಬಂದರೆ ಮರದ ಪೆಟ್ಟಿಗೆಯಿಂದ ಖಾತೆದಾರರ ಮಾದರಿ ಸಹಿಯ ಕಾರ್ಡು ತೆಗೆದು, ಎರಡೂ ಸಹಿಗಳನ್ನು ಹೊಂದಿಸಿ ನೋಡಿಯೇ ಪಾಸ್ ಮಾಡಬೇಕು. ಒಟ್ಟಾರೆ ಒಂದೇ ಥರ ಕಾಣುತ್ತದೆ ಎಂಬುದು ಸಾಲದು. ಮೋಸದ ಸಹಿಯೂ ಒಟ್ಟಾರೆ ಒಂದೇ ಥರ ಕಾಣುತ್ತದೆ. 'ರ'ಕಾರದ ಬಾಲ ಎಲ್ಲಿ ತಿರುಗಿದೆ, ಅಡಿಗೆರೆ ಎಲ್ಲಿ ನಿಂತಿದೆ ಎಂದು ಬಿಡಿಬಿಡಿಯಾಗಿ ನೋಡಬೇಕು.

ಹಾವಿನದ್ದೂ ಹಾಗೇ. ತ್ರಿಕೋನದ ತಲೆ ಇದ್ದರೆ ವಿಷದ ಹಾವು ಎಂದು ಅಲ್ಲಿಯೂ ಹೇಳುತ್ತಾರೆ, ಇಲ್ಲಿಯೂ ಹೇಳುತ್ತಾರೆ. ಅದನ್ನು ನಂಬಿ ಕೂರುವಂತಿಲ್ಲ. ಬಡಪಾಯಿ ನೀರುಹಾವು ಹೆದರಿದಾಗ ತಲೆ ಚಪ್ಪಟೆ ಮಾಡಿ ತ್ರಿಕೋನವಾಗಿಸಿಕೊಳ್ಳುತ್ತದೆ. ದೊಡ್ಡವರ ಸಹಿ ನಕಲು ಮಾಡಿ ಬದುಕಿಕೊಳ್ಳುವ ಉಪಾಯ, ಆದರೆ ಸಲಿಕೆ ಹಿಡಿದವನ ಎದುರು ಅದೇ ಅದಕ್ಕೆ ಮುಳುವು. ನಮ್ಮ ನಾಗರ, ಕಟ್ಟುಹಾವುಗಳನ್ನು ನೋಡಿ: ತಲೆ ತ್ರಿಕೋನವಲ್ಲ, ವಿಷವೋ ಘೋರ. ಹಾಗಾದರೆ ಹತ್ತಿಬಾಯಿಯ ಅಸಲಿ ಸಹಿ ಯಾವುದು? ಮೈ ಬೆಂಡಿನಂತೆ ನೀರಿನ ಮೇಲೆ ತೇಲುತ್ತದೆ, ತಲೆ ಎತ್ತಿರುತ್ತದೆ. ಕಣ್ಣಿನ ಹಿಂದೆ ಕೆನ್ನೆಯ ಮೇಲೆ ಅಗಲವಾದ ಕಪ್ಪುಪಟ್ಟಿ. ಹುಬ್ಬಿನಂಥ ಹುರುಪೆ ಮುಂದಕ್ಕೆ ಚಾಚಿರುವುದರಿಂದ ಮೇಲಿಂದ ನೋಡಿದರೆ ಕಣ್ಣು ಕಾಣುವುದಿಲ್ಲ. ನೀರುಹಾವಿಗೆ ಹುಬ್ಬಿಲ್ಲ, ದುಂಡುಕಣ್ಣು ಮೇಲಿನಿಂದಲೂ ಕಾಣುತ್ತದೆ. ನೀರುಹಾವು ನಮ್ಮನ್ನು ಕಂಡರೆ ಓಡುತ್ತದೆ. ಹತ್ತಿಬಾಯಿ ಭಾರದ ಮೈಯದ್ದು, ಓಟದಲ್ಲಿ ಹಿಂದೆ. ಎಷ್ಟೋ ಸಲ ನಿಂತ ಜಾಗದಲ್ಲೇ ನಿಲ್ಲುತ್ತದೆ.

ಮಕ್ಕಳೇ, ಈ ಗುರುತುಗಳನ್ನೆಲ್ಲ ದೂರದಿಂದ ನೋಡಿ ಖುಷಿಪಡಲು ಮಾತ್ರ ಬರೆದಿದ್ದೇನೆ. ಹಾವಿನ ಹುಬ್ಬು ನೋಡಲು ಯಾರೂ ಬಗ್ಗಬೇಡಿ. ಗುರುತು ಸಿಗದಿದ್ದರೆ ಚೆಕ್ಕು ವಾಪಸ್ ಮಾಡಿದಂತೆ ನೀವೇ ವಾಪಸ್ ಬನ್ನಿ.

ಏಪ್ರಿಲ್‌ನಲ್ಲಿ ಅಸಲಿ ಹತ್ತಿಬಾಯಿಯೇ ಸಿಕ್ಕಿತು. ಗೇನ್ಸ್‌ವಿಲ್‌ನ ದಕ್ಷಿಣಕ್ಕೆ ಪೇನ್ಸ್ ಪ್ರೇರಿ ಎಂಬ 21 ಸಾವಿರ ಎಕರೆಯ ರಕ್ಷಿತ ಹುಲ್ಲುಗಾವಲು, ಜೌಗು ಇದೆ. ಕಾಡುಕುದುರೆ, ಕಾಡೆಮ್ಮೆಯಂಥ ಬೈಸನ್, ಲೆಕ್ಕವಿಲ್ಲದಷ್ಟು ಆಲಿಗೇಟರ್. ಅದರ ನಡುವೆ ಲಾ ಚುವಾ ಎಂಬ ಕಾಲುದಾರಿ, ಸ್ವಲ್ಪ ದೂರ ಹಲಗೆಸೇತುವೆ, ಆಮೇಲೆ ಮಣ್ಣಿನ ಏರಿ. ಅಳಿಯ ನಮ್ಮನ್ನು ಕರೆದುಕೊಂಡು ಹೋಗಿದ್ದ. ಏರಿಯ ಅಂಚಿನಲ್ಲಿ, ನಮ್ಮಿಂದ ಹನ್ನೆರಡು ಹದಿಮೂರು ಅಡಿ ದೂರದಲ್ಲಿ, ಒಣಗಿದ ದಂಟುಗಳ ನಡುವೆ ಸುಟ್ಟ ಹಗ್ಗದ ಸುರುಳಿಯಂತೆ ಏನೋ ಬಿದ್ದಿತ್ತು. ಪುಟ್ಟ ನನ್ನ ಅಂಗಿ ಹಿಡಿದೆಳೆದ. ಹಗ್ಗದ ತಲೆ ಮೇಲಕ್ಕೆ ಓರೆಯಾಗಿ ನಿಂತಿತ್ತು. ಬಾಲದ ತುದಿ ಒಣ ಎಲೆಗಳಲ್ಲಿ ಚಿರ್ರೆಂದು ನಡುಗಿತು. ಮರುಕ್ಷಣ ಬಾಯಿ ತೆರೆಯಿತು.

ಪುಸ್ತಕದಲ್ಲಿ ಓದಿದ್ದು ಒಂದು, ಕಣ್ಣಾರೆ ಕಂಡದ್ದು ಇನ್ನೊಂದು. ನನ್ನ ಅಂಗಾಲು ತಣ್ಣಗಾಯಿತು. ಬೆಳ್ಳಗೆ ತೆರೆದ ಆ ಬಾಯಿ ನಮ್ಮ ಕಡೆಗೇ ಇತ್ತು, ಆದರೆ ಹಾವು ಒಂದು ಅಂಗುಲವೂ ಮುಂದೆ ಬರಲಿಲ್ಲ. ನಾವು ಮೆಲ್ಲಗೆ ಐದಾರು ಹೆಜ್ಜೆ ಹಿಂದೆ ಸರಿದೆವು. ಬಾಯಿ ನಿಧಾನವಾಗಿ ಮುಚ್ಚಿತು. ಇನ್ನೂ ಸ್ವಲ್ಪ ಸರಿದೆವು. ಹಾವು ಸುರುಳಿ ಬಿಚ್ಚಿ, ಆತುರವಿಲ್ಲದೆ ನೀರಿಗಿಳಿಯಿತು. ಪುಟ್ಟ ಹೇಳಿದ್ದಂತೆಯೇ ಅದರ ಮೈಯೆಲ್ಲ ನೀರಿನ ಮೇಲೆ ತೇಲುತ್ತಿತ್ತು.

"ಈ ಹಾವು ಅಟ್ಟಿಸಿಕೊಂಡು ಬರುತ್ತದೆ" ಎಂದು ಆ ಸೀಮೆಯವರು ಗಟ್ಟಿಯಾಗಿ ನಂಬಿದ್ದಾರೆ. ನಮ್ಮಲ್ಲಿ ಹಾವು ಹನ್ನೆರಡು ವರ್ಷ ಹಗೆ ಇಟ್ಟುಕೊಳ್ಳುತ್ತದೆ ಎನ್ನುವುದಿಲ್ಲವೇ, ಹಾಗೆ. ವಿಟ್ ಗಿಬ್ಬನ್ಸ್ ಮತ್ತು ಮೈಕೆಲ್ ಡಾರ್ಕಸ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಪರೀಕ್ಷಿಸಿಯೇ ನೋಡಿದರು. ಅವರ ವರದಿ 2002ರಲ್ಲಿ ಪ್ರಕಟವಾಯಿತು. ಕಾಡಿನ 45 ಹತ್ತಿಬಾಯಿಗಳ ಬಳಿ ಹೋಗಿ ಪಕ್ಕದಲ್ಲೇ ನಿಂತರು, ಹಾವು ಕಚ್ಚಿದರೂ ತೂರದ ದಪ್ಪ ಬೂಟಿನಿಂದ ಮೆಟ್ಟಿದರು, ಕೃತಕ ಕೈಯಿಂದ ಹಿಡಿದೆತ್ತಿದರು. 45ರಲ್ಲಿ 23 ಹಾವುಗಳು ತಪ್ಪಿಸಿಕೊಳ್ಳಲು ನೋಡಿದವು. ಕೃತಕ ಕೈಯಲ್ಲಿ ಎತ್ತಿದ 36ರಲ್ಲಿ ಕಚ್ಚಿದ್ದು 13 ಮಾತ್ರ. ನನ್ನನ್ನು ಯಾರಾದರೂ ಹೀಗೆ ಮೆಟ್ಟಿ, ಸೊಂಟ ಹಿಡಿದೆತ್ತಿದರೆ ನಾನು ಅಷ್ಟು ಹೊತ್ತು ತಡೆದುಕೊಳ್ಳುತ್ತಿದ್ದೆನೇ? ಕೌಂಟರಿನಲ್ಲಿ ಯಾರಾದರೂ ಎರಡು ಸಲ ಪಾಸ್‌ಬುಕ್ ಬಡಿದರೆ ಸಾಕಿತ್ತು, ನನ್ನ ಬಾಯಿ ತೆರೆದುಕೊಳ್ಳುತ್ತಿತ್ತು.

ಆದರೆ ವಿಷ ವಿಷವೇ. ಹತ್ತಿಬಾಯಿ ಕಚ್ಚಿದರೆ ಊತ, ತಡೆಯಲಾಗದ ನೋವು, ಮಾಂಸ ಕೊಳೆಯುವುದು, ಬೆರಳು ಕಳೆದುಕೊಳ್ಳುವುದೂ ಉಂಟು. ನೀರಿನೊಳಗೆ ಅದು ಕಚ್ಚಲಾರದು ಎಂಬ ಮಾತು ಸುಳ್ಳು. ಮೀನು ಹಿಡಿಯುವ ಹಾವಿಗೆ ನೀರಿನಲ್ಲಿ ಕಚ್ಚಲು ಬರುವುದಿಲ್ಲವೇ? ಅಲ್ಲಿ ಆಸ್ಪತ್ರೆಗಳಲ್ಲಿ ಪ್ರತಿವಿಷ ಸಿಗುತ್ತದೆ. ನಾಲ್ಕು ಬಗೆಯ ಹಾವುಗಳ ವಿಷವನ್ನು ಕುರಿಗಳಿಗೆ ಸ್ವಲ್ಪ ಸ್ವಲ್ಪವೇ ಚುಚ್ಚಿ, ಅವುಗಳ ರಕ್ತದಿಂದ ತಯಾರಿಸುವ ಒಂದು ಮದ್ದು 2000ದಿಂದ ಬಳಕೆಯಲ್ಲಿದೆ. ಆ ನಾಲ್ಕರಲ್ಲಿ ಹತ್ತಿಬಾಯಿಯೂ ಒಂದು. ಇಡೀ ಅಮೆರಿಕದಲ್ಲಿ ವರ್ಷಕ್ಕೆ ಏಳೆಂಟು ಸಾವಿರ ಮಂದಿಗೆ ವಿಷದ ಹಾವು ಕಚ್ಚುತ್ತದೆ, ಸಾಯುವವರು ಐದರ ಆಸುಪಾಸು. ನಮ್ಮ ದೇಶದ ಲೆಕ್ಕ ನೋಡಿದಾಗ ನಾನು ಕನ್ನಡಕ ಒರೆಸಿ ಇನ್ನೊಮ್ಮೆ ಓದಿದೆ. 2000ದಿಂದ 2019ರವರೆಗೆ ಸರಾಸರಿ ವರ್ಷಕ್ಕೆ 58 ಸಾವಿರ ಸಾವು.

ಆ 58 ಸಾವಿರದಂಥ ಲೆಕ್ಕದಲ್ಲಿ ನಮ್ಮ ಮನೆಯದ್ದೂ ಒಂದಿದೆ, ಆದರೆ ಅದು ಯಾವ ಲೆಕ್ಕಕ್ಕೂ ಸೇರದ 1961ರದ್ದು. ದೊಡ್ಡಪ್ಪನ ಮಗ, ನಾನು ಅಣ್ಣಯ್ಯ ಎನ್ನುತ್ತಿದ್ದೆ. ಅಡಿಕೆ ತೋಟದಲ್ಲಿ ಸೋಗೆ ಎಳೆಯುವಾಗ ಕೊಳಕುಮಂಡಲ ಕಚ್ಚಿತು. ಮೊದಲು ಮಂತ್ರ ಹಾಕಿಸಿದರು, ಬೇರು ತೇಯ್ದು ಹಚ್ಚಿದರು, ಬಿಗಿಯಾಗಿ ಹಗ್ಗ ಕಟ್ಟಿದರು. ಆಸ್ಪತ್ರೆಗೆಂದು ಗಾಡಿ ಹೂಡುವ ಹೊತ್ತಿಗೆ ಕತ್ತಲಾಗಿತ್ತು. ಅವನಿಗೆ 19 ವರ್ಷ, ನನಗೆ 11. ಅಂದಿನಿಂದ ನಮ್ಮ ಮನೆಯಲ್ಲಿ ಹಾವೆಂದರೆ ಹೊಡೆ ಎಂಬುದು ಬಿಟ್ಟರೆ ಬೇರೆ ಮಾತಿರಲಿಲ್ಲ. ಹಗ್ಗ ಕಟ್ಟಬಾರದು, ಕೊಯ್ಯಬಾರದು, ಕಚ್ಚಿದ ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಒಯ್ಯಬೇಕು ಎಂದು ಹೇಳುವವರು ಯಾರೂ ನಮ್ಮೂರಿನಲ್ಲಿ ಅಂದು ಇರಲಿಲ್ಲ.

ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ, ಗುಮಾಸ್ತನ ಬುದ್ಧಿ. ಪೇನ್ಸ್ ಪ್ರೇರಿಯ ನಡುವೆ ಹೆದ್ದಾರಿಯೊಂದು ಹಾದುಹೋಗಿದೆ. ಹಾವು, ಕಪ್ಪೆ, ಆಮೆಗಳು ದಾಟಲು ಹೋಗಿ ಚಕ್ರಕ್ಕೆ ಸಿಕ್ಕುತ್ತಿದ್ದವು. 1998-99ರ ಹನ್ನೆರಡು ತಿಂಗಳಲ್ಲಿ ಹೀಗೆ ಸತ್ತ 2,411 ಪ್ರಾಣಿಗಳನ್ನು ಎಣಿಸಿದರು. ಆಮೇಲೆ ರಸ್ತೆಯ ಉದ್ದಕ್ಕೂ ಮೂರೂವರೆ ಅಡಿಯ ಗೋಡೆ ಕಟ್ಟಿ, ಗೋಡೆಯ ತುದಿಯನ್ನು ಹಾವು ಹತ್ತಲಾಗದಂತೆ ಹೊರಕ್ಕೆ ಬಾಗಿಸಿ, ರಸ್ತೆಯ ಅಡಿಯಲ್ಲಿ ಮೋರಿಗಳ ದಾರಿ ಬಿಟ್ಟರು. ಮುಂದಿನ ಒಂದು ವರ್ಷದಲ್ಲಿ ಸತ್ತದ್ದು, ಗೋಡೆಯನ್ನೂ ಹತ್ತಬಲ್ಲ ಮರಗಪ್ಪೆಗಳನ್ನು ಬಿಟ್ಟು, 158. ವಿಷದ ಹಾವಿಗೂ ಸೇರಿಸಿ ಕಟ್ಟಿದ ಗೋಡೆ ಅದು. ಮಳೆಗಾಲದ ನಮ್ಮ ಘಟ್ಟದ ರಸ್ತೆಗಳಲ್ಲಿ ಬೆಳಿಗ್ಗೆ ಹೊತ್ತು ಏನೇನು ಅಪ್ಪಚ್ಚಿಯಾಗಿ ಬಿದ್ದಿರುತ್ತದೆ ಎಂಬುದು ಆ ಕಡೆ ಓಡಾಡುವವರಿಗೆ ಗೊತ್ತು.

ಹೊರಡುವ ಮುನ್ನ ಮೇ ತಿಂಗಳಲ್ಲಿ ಅಳಿಯ ಸಮುದ್ರ ತೋರಿಸಲು ಸೀಡರ್ ಕೀ ಎಂಬ ಊರಿಗೆ ಕರೆದೊಯ್ದ. ಅಲ್ಲಿಂದ ದೋಣಿಯಲ್ಲಿ ಸ್ವಲ್ಪ ದೂರದಲ್ಲಿ ಸೀಹಾರ್ಸ್ ಕೀ ಎಂಬ ಪುಟ್ಟ ದ್ವೀಪ. 1854ರಲ್ಲಿ ಕಟ್ಟಿದ ದೀಪಸ್ತಂಭ ಮರಗಳ ಮೇಲಿಂದ ಇಣುಕುತ್ತದೆ. ಹಕ್ಕಿಗಳ ಗೂಡಿನ ಕಾಲವಾದ್ದರಿಂದ ಹತ್ತಿರ ಹೋಗಲು ಬಿಡುವುದಿಲ್ಲ, ದೂರದಿಂದ ಸುತ್ತು ಹಾಕಿದೆವು. ಈ ದ್ವೀಪದ ಕಥೆಯನ್ನು ಪುಟ್ಟ ಮೊದಲೇ ಓದಿಕೊಂಡು ಬಂದಿದ್ದ.

ಅಲ್ಲಿ ಹತ್ತಿಬಾಯಿಗಳು ನೂರಾರು ಇದ್ದವು. ಸಿಹಿನೀರಿನ ಕೆರೆಯಿಲ್ಲದ ಉಪ್ಪುಸಮುದ್ರದ ನಡುವೆ ಹೊಟ್ಟೆಗೇನು? ಉತ್ತರ ಮರದ ಮೇಲಿತ್ತು. ಪ್ರತಿ ವಸಂತದಲ್ಲಿ ಬೆಳ್ಳಕ್ಕಿ, ಬಕ, ಐಬಿಸ್, ನೀರುಕಾಗೆ, ಪೆಲಿಕನ್‌ಗಳು ಸಾವಿರಗಟ್ಟಲೆ ಬಂದು ಗೂಡು ಕಟ್ಟುತ್ತಿದ್ದವು. ಸಮುದ್ರದಿಂದ ಮೀನು ತಂದು ಮರಿಗಳಿಗೆ ಉಣಿಸುವಾಗ ಒಂದಷ್ಟು ಕೆಳಗೆ ಉದುರುತ್ತಿತ್ತು. ಮರದ ಕೆಳಗೆ ಹಾವುಗಳು ಕಾದಿರುತ್ತಿದ್ದವು. ಮದುವೆಮನೆಯ ಪಂಕ್ತಿಯಂತೆ ಮೇಲಿಂದ ಬಡಿಸುವವರು, ಕೆಳಗೆ ಉಣ್ಣುವವರು. ಮೊಟ್ಟೆ ಕದಿಯುವ ಇಲಿಗಳನ್ನು ಈ ಹಾವುಗಳು ಹಿಡಿಯುವುದರಿಂದ ಹಕ್ಕಿಗಳಿಗೂ ಇವುಗಳಿಂದ ಉಪಕಾರವೇ ಇರಬಹುದು ಎಂಬ ವಿಚಾರವೂ ಇದೆ. ಹೀಗೆ ದಶಕಗಳ ಕಾಲ ನಡೆಯಿತು.

2015ರ ಏಪ್ರಿಲ್‌ನಲ್ಲಿ ಒಮ್ಮೆಗೇ ಹಕ್ಕಿಗಳೆಲ್ಲ ದ್ವೀಪ ಬಿಟ್ಟು ಎದ್ದುಹೋದವು. ಗೂಡಿನಲ್ಲಿ ಮೊಟ್ಟೆ ಹಾಗೇ ಇತ್ತು. ರೋಗವೇ, ಯಾರಾದರೂ ಹೆದರಿಸಿದರೇ ಎಂದು ತಜ್ಞರು ಹುಡುಕಿದರು, ಖಚಿತ ಉತ್ತರ ಸಿಗಲಿಲ್ಲ. ಹಲವು ಹಕ್ಕಿಗಳು ಪಕ್ಕದ ಇನ್ನೊಂದು ದ್ವೀಪಕ್ಕೆ ಹೋಗಿ ನೆಲೆಸಿದವು. ಆ ದ್ವೀಪದ ಹೆಸರು ಸ್ನೇಕ್ ಕೀ, ಹಾವಿನ ದ್ವೀಪ! ಇತ್ತ ಅಸಲಿ ಹಾವಿನ ದ್ವೀಪದಲ್ಲಿ ಹತ್ತಿಬಾಯಿಗಳು ಬರಿದಾದ ಮರಗಳ ಕೆಳಗೆ ಉಳಿದವು. ಫ್ಲಾರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೋಗಿ ನೋಡಿದಾಗ ಹಾವುಗಳು ಬಡಕಲಾಗಿದ್ದವು, ಸಂಖ್ಯೆ ಇಳಿದಿತ್ತು, ಒಂದನ್ನೊಂದು ತಿಂದದ್ದೂ ಕಂಡುಬಂತು.

ದೋಣಿ ತಿರುಗಿಸುವಾಗ ಪುಟ್ಟ ದ್ವೀಪದ ಕಡೆಗೇ ನೋಡುತ್ತ, "ಅಜ್ಜ, ಹಾವು ಇನ್ನೂ ಮರದ ಕೆಳಗೆ ಕಾಯ್ತಾ ಇರಬಹುದಾ?" ಎಂದು ಕೇಳಿದ. ವಿಷದ ಹಾವಿನ ಬಗ್ಗೆ ಕನಿಕರ ಪಡುವ ಪ್ರಸಂಗ ನನ್ನ 69 ವರ್ಷದಲ್ಲಿ ಅದುವರೆಗೆ ಬಂದಿರಲಿಲ್ಲ. "ಇರಬಹುದು" ಎಂದೆ.

ಅವನ ಪ್ರಶ್ನೆಯ ಗುಂಗಿನಲ್ಲಿಯೇ, ವಾಪಸ್ ಬರುವ ಕಾರಿನ ಹಿಂದಿನ ಸೀಟಿನಲ್ಲಿ, 1978ರ ಕಥೆಯನ್ನು ಹೇಳಿಬಿಟ್ಟೆ. ಆಗ ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಶಾಖೆಯಲ್ಲಿದ್ದೆ. ಹಂಚಿನ ಮನೆ, ಹಿಂದಿನ ಕೋಣೆಯಲ್ಲಿ ಹಳೆಯ ಲೆಡ್ಜರುಗಳು. ಜುಲೈ ತಿಂಗಳ ಮಳೆಯಲ್ಲಿ ಆ ಕೋಣೆಗೆ ನೀರು ಜಿನುಗಿ, ಲೆಡ್ಜರುಗಳ ಅಡಿಗೆ ಕಪ್ಪೆಗಳು ಸೇರಿಕೊಂಡಿದ್ದವು. ಕಪ್ಪೆಗಳ ಹಿಂದೆ ಒಂದು ಹಾವೂ ಬಂತು. ಲೆಡ್ಜರು ಎಳೆದಾಗ ನನ್ನ ಕೈಬುಡದಲ್ಲೇ ಹೆಡೆಯೆತ್ತಿದ ಹಾಗೆ ಕಂಡಿತು. ಬಾಗಿಲಿಗೆ ಅಡ್ಡ ಹಾಕುವ ಮರದ ಕೋಲು ತೆಗೆದುಕೊಂಡೆ. ಅಣ್ಣಯ್ಯ ಕಣ್ಣೆದುರು ಬಂದಿದ್ದ. ಸತ್ತ ಮೇಲೂ ನಾಲ್ಕೇಟು ಹೊಡೆದೆ. ಆಗ ನಮ್ಮ ಅಟೆಂಡರ್, ವಯಸ್ಸಾದವರು, ಒಳಗೆ ಬಂದು ಕಡ್ಡಿಯಿಂದ ಅದನ್ನು ತಿರುವಿ ನೋಡಿ, "ಒಳ್ಳೆ ಅಲ್ವಾ ಸ್ವಾಮಿ ಇದು" ಎಂದರು. ಬೈಯಲಿಲ್ಲ. ಮೈಮೇಲಿನ ಚೌಕಳಿ ತೋರಿಸಿದರು, ಕಣ್ಣಿನ ಕೆಳಗೊಂದು ಹಿಂದೊಂದು ಇರುವ ಎರಡು ಕಪ್ಪು ಗೆರೆ ತೋರಿಸಿದರು. ಮೀನು, ಕಪ್ಪೆ ತಿಂದುಕೊಂಡು ಗದ್ದೆಬಯಲಿನಲ್ಲಿ ಬದುಕುವ ನೀರೊಳ್ಳೆ. ಕೋಪ ಜಾಸ್ತಿ, ಕಚ್ಚುತ್ತದೆ, ವಿಷ ಮಾತ್ರ ಇಲ್ಲ.

ಅದೇ ದಿನ ಬೆಳಿಗ್ಗೆ 60 ರೂಪಾಯಿಯ ಒಂದು ಚೆಕ್ಕನ್ನು ಸಹಿಯ ಒಂದು ಸುಳಿ ಹೊಂದಲಿಲ್ಲವೆಂದು ನಾನು ವಾಪಸ್ ಮಾಡಿದ್ದೆ.

ಪುಟ್ಟ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನ ಕನ್ನಡ ಮನೆಯಲ್ಲಿ ಆಡುವಷ್ಟು ಮಾತ್ರ.

"ಒಳ್ಳೆ ಅಂದ್ರೆ ಗುಡ್ ಅಲ್ವಾ ಅಜ್ಜ? ಅದರ ಹೆಸರೇ ಹಾಗಾ?"

"ಹೌದು, ಹೆಸರೇ ಹಾಗೆ."

"ಹೆಸರು ಹೇಳಿದ ಮೇಲೆ ಹೊಡೆದ್ಯಾ, ಮೊದಲೇ ಹೊಡೆದ್ಯಾ?"

"ಮೊದಲೇ."

ಆ ಮಾತಿಗೆ ಅವನು ಏನೂ ಅನ್ನಲಿಲ್ಲ. ನನ್ನ ತೋಳಿಗೆ ಒರಗಿ ಹಾಗೇ ನಿದ್ದೆಹೋದ.

ಈಗ ಪುಟ್ಟನಿಗೆ 16 ವರ್ಷ, ಧ್ವನಿ ಒಡೆದಿದೆ. ಕಳೆದ ಆಷಾಢದಲ್ಲಿ ನಮ್ಮ ಮನೆಯ ಬಾವಿಕಟ್ಟೆಯ ಪಕ್ಕ, ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲಿ ಹಾವು ಕಾಣಿಸಿಕೊಂಡಿತು. ಮೊದಲು ಕಂಡವಳು ನನ್ನಾಕೆ. ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯ ಹುಡುಗ ದೊಣ್ಣೆ ಹಿಡಿದೇ ಬಂದ. ಅವನನ್ನು ಜಗುಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು, ನಾನು ದೂರದಲ್ಲಿ ಕುರ್ಚಿ ಹಾಕಿಕೊಂಡು ಮೊಬೈಲಿನಲ್ಲಿ ದೊಡ್ಡದು ಮಾಡಿ ಒಂದು ಫೋಟೋ ತೆಗೆದೆ. ಚೌಕಳಿ ಇತ್ತು. ಕಣ್ಣಿನ ಕೆಳಗೊಂದು, ಹಿಂದೊಂದು ಕಪ್ಪು ಗೆರೆಯೂ ಇತ್ತು. ಆದರೂ ಗೇನ್ಸ್‌ವಿಲ್‌ಗೆ ಕಳಿಸಿದೆ. ಅಲ್ಲಿ ಆಗ ನಡುರಾತ್ರಿ ಇರಬೇಕು. ಐದು ನಿಮಿಷದಲ್ಲಿ ಉತ್ತರ ಬಂತು: "ಸಹಿ ಹೊಂದುತ್ತೆ ಅಜ್ಜ. ಪಾಸ್ ಮಾಡು."

ಒಳ್ಳೆ ಮಧ್ಯಾಹ್ನದ ತನಕ ಅಲ್ಲೇ ಇತ್ತು. ಒಂದು ಕಪ್ಪೆ ಹಿಡಿಯಿತು, ಇನ್ನೊಂದನ್ನು ಬಿಟ್ಟಿತು. ನನ್ನಾಕೆ ಸಂಜೆಯವರೆಗೂ ಬಾವಿಯ ಕಡೆ ತಲೆ ಹಾಕಲಿಲ್ಲ. ನೀರು ನಾನೇ ಸೇದಿದೆ.